ಮೌಸ್ ಹಿಡಿಸಿದ್ದು ಸಾಕು, ಗಣಕ ವಿಜ್ಞಾನ ಕಲಿಸಿ

ಸರ್ಕಾರಿ ಪ್ರೌಢಶಾಲೆಗೆ ಕಂಪ್ಯೂಟರ್ ಶಿಕ್ಷಣ ಬರಬೇಕಾದರೆ ಏನು ಬೇಕು ಎಂದು ಯಾರನ್ನಾದರೂ ಕೇಳಿ ನೋಡಿ. ಹತ್ತು ಕಂಪ್ಯೂಟರ್, ಒಂದು ಯುಪಿಎಸ್, ಗೋಡೆಗೊಂದು ಸ್ಮಾರ್ಟ್ ಬೋರ್ಡ್, ಇಂಟರ್ನೆಟ್ ಸಂಪರ್ಕ ಎನ್ನುತ್ತಾರೆ. ಶಾಸಕರು ಭರವಸೆ ಕೊಡುವುದು ಇದನ್ನೇ, ಸಿಎಸ್‌ಆರ್ ಹಣ ತರುವ ಕಂಪನಿಯವರು ಕೊಡಿಸುವುದು ಇದನ್ನೇ, ಎಸ್‌ಡಿಎಂಸಿ ಸಭೆಯಲ್ಲಿ ಪೋಷಕರು ಕೇಳುವುದೂ ಇದನ್ನೇ. ಲ್ಯಾಬ್ ಉದ್ಘಾಟನೆಯಾದ ದಿನವೇ ಕೆಲಸ ಮುಗಿಯಿತೆಂದು ಎಲ್ಲರೂ ಕೈತೊಳೆದುಕೊಳ್ಳುತ್ತಾರೆ. ಆಮೇಲೆ ಮಕ್ಕಳಿಗೆ ಮೌಸ್ ಹಿಡಿಯಲು, ನುಡಿ ತಂತ್ರಾಂಶದಲ್ಲಿ ತಮ್ಮ ಹೆಸರು ಟೈಪ್ ಮಾಡಲು, ಪೇಂಟ್‌ನಲ್ಲಿ ಮನೆಯ ಚಿತ್ರ ಬರೆಯಲು, ಎಕ್ಸೆಲ್‌ನಲ್ಲಿ ಅಂಕಪಟ್ಟಿ ತುಂಬಲು ಬಂದರೆ ಸಾಕು. ಅದರಾಚೆಗಿನ ಗಣಕ ವಿಜ್ಞಾನ ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡವರಿಗೆ, ಇಂಗ್ಲಿಷ್ ಬಲ್ಲವರಿಗೆ, ಇಂಜಿನಿಯರಿಂಗ್ ಸೀಟು ಹಿಡಿದವರಿಗೆ ಎಂದು ನಾವೆಲ್ಲ ಒಪ್ಪಿಬಿಟ್ಟಿದ್ದೇವೆ.

ಈ ಒಪ್ಪಿಗೆಯೇ ತಪ್ಪು. ಇದರ ಪೆಟ್ಟು ಎಲ್ಲರಿಗೂ ಒಂದೇ ಸಮ ಬೀಳುವುದಿಲ್ಲ. ಬೆಂಗಳೂರಿನ ದೊಡ್ಡ ಶಾಲೆಯ ಮಗುವಿಗೆ ಮನೆಯಲ್ಲೇ ಲ್ಯಾಪ್‌ಟಾಪ್ ಇದೆ, ಕೋಡಿಂಗ್ ಟ್ಯೂಷನ್ ಇದೆ, ಕಲಿತ ಅಪ್ಪ ಅಮ್ಮ ಇದ್ದಾರೆ. ಶಾಲೆ ಕಲಿಸದಿದ್ದರೂ ಅದು ಹೇಗೋ ಕಲಿತುಕೊಳ್ಳುತ್ತದೆ. ನಮ್ಮ ಮಂಡಿಕಲ್ ಹೋಬಳಿಯ ಮಗುವಿಗೆ ಶಾಲೆ ಬಿಟ್ಟರೆ ಬೇರೆ ದಾರಿ ಇಲ್ಲ. ಪೇರೇಸಂದ್ರದ ಮೇಲೆ ಹಾದುಹೋಗುವ 44ನೇ ರಾಷ್ಟ್ರೀಯ ಹೆದ್ದಾರಿ ಹಿಡಿದರೆ ದೇಶದ ಅತಿ ದೊಡ್ಡ ಸಾಫ್ಟ್‌ವೇರ್ ನಗರ ಅರ್ಧ ದಿನದ ಪ್ರಯಾಣವೂ ಅಲ್ಲ. ಆ ನಗರಕ್ಕೆ ನಾವು ಹೂವು ಕಳಿಸುತ್ತೇವೆ, ದ್ರಾಕ್ಷಿ ಕಳಿಸುತ್ತೇವೆ, ಟೊಮೆಟೊ ಕಳಿಸುತ್ತೇವೆ. ಸೆಕ್ಯುರಿಟಿ ಕೆಲಸಕ್ಕೆ, ಹೌಸ್‌ಕೀಪಿಂಗ್ ಕೆಲಸಕ್ಕೆ ಆಳುಗಳನ್ನೂ ಕಳಿಸುತ್ತೇವೆ. ಆ ನಗರ ಯಾವ ವಿದ್ಯೆಯಿಂದ ಬೆಳೆಯಿತೋ ಆ ವಿದ್ಯೆಯನ್ನು ಮಾತ್ರ ನಮ್ಮ ಮಕ್ಕಳಿಗೆ ಹೈಸ್ಕೂಲಿನ ಮೂರು ವರ್ಷಗಳಲ್ಲಿ ಒಮ್ಮೆಯೂ ಕಲಿಸುವುದಿಲ್ಲ.

ಈ ತಪ್ಪಿಗೆ ನಲವತ್ತು ವರ್ಷದ ಚರಿತ್ರೆ ಇದೆ. ಕೇಂದ್ರ ಸರ್ಕಾರ 1984ರಲ್ಲಿ ‘ಕ್ಲಾಸ್’ ಎಂಬ ಯೋಜನೆಯಡಿ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೊ ಎಂಬ ಯಂತ್ರಗಳನ್ನು ಕೊಟ್ಟಿತು. ಆ ಯಂತ್ರದ ಸ್ವಿಚ್ ಹಾಕಿದರೆ ಎದುರಿಗೆ ಬರುತ್ತಿದ್ದದ್ದು ಬೇಸಿಕ್ ಭಾಷೆಯಲ್ಲಿ ಆಜ್ಞೆ ಬರೆಯಲು ಕಾಯುವ ಖಾಲಿ ಪರದೆ. ಮಗು ಏನಾದರೂ ಬರೆದರೆ ಮಾತ್ರ ಯಂತ್ರ ಕೆಲಸ ಮಾಡುತ್ತಿತ್ತು. ಯಂತ್ರಗಳು ಕಡಿಮೆ, ತರಬೇತಿ ಪಡೆದ ಶಿಕ್ಷಕರು ಇನ್ನೂ ಕಡಿಮೆ. ಹಾಗಾಗಿ ಅದು ಬಹಳ ದೂರ ಹೋಗಲಿಲ್ಲ. 2001ರಲ್ಲಿ ಕರ್ನಾಟಕ ‘ಮಾಹಿತಿ ಸಿಂಧು’ ತಂದು ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಟ್ಟಿತು. ಕಲಿಸುವ ಹೊಣೆಯನ್ನು ಮಾತ್ರ ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತು. 2004ರ ಕೊನೆಗೆ ಕೇಂದ್ರದ ‘ಐಸಿಟಿ ಅಟ್ ಸ್ಕೂಲ್ಸ್’ ಬಂತು. ಅದರ ಹಂತಗಳು ಒಂದಾದ ಮೇಲೊಂದು ಜಾರಿಯಾದವು. ಗುತ್ತಿಗೆಯ ಬೋಧಕರು ಬಂದರು, ಅವಧಿ ಮುಗಿದಾಗ ಹೋದರು. ಶಾಲೆಯ ಕಾಯಂ ಶಿಕ್ಷಕರಿಗೂ ಆ ಕೊಠಡಿಗೂ ಸಂಬಂಧವೇ ಬೆಳೆಯಲಿಲ್ಲ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಈ ಹೊರಗುತ್ತಿಗೆ ಪದ್ಧತಿಯನ್ನು ಕೇರಳದ ಪದ್ಧತಿಯ ಜೊತೆಗಿಟ್ಟು ಅಧ್ಯಯನ ಮಾಡಿ ಬಹಳ ಹಿಂದೆಯೇ ಎಚ್ಚರಿಸಿತ್ತು. ಆಮೇಲೆ ಬಂದ ‘ಟಾಲ್ಪ್’ ಕಾರ್ಯಕ್ರಮ ಕಾಯಂ ಶಿಕ್ಷಕರಿಗೆ ತರಬೇತಿ ಕೊಟ್ಟಿತು, ಅದು ಒಳ್ಳೆಯದೇ. ಆದರೆ ಅದರ ಗುರಿ ಗಣಿತ, ವಿಜ್ಞಾನದಂಥ ವಿಷಯಗಳನ್ನು ಕಂಪ್ಯೂಟರ್ ಬಳಸಿ ಪಾಠ ಮಾಡುವುದು. ಗಣಕ ವಿಜ್ಞಾನ ಎಂಬ ವಿಷಯವನ್ನೇ ಪಾಠ ಮಾಡುವುದು ಯಾವ ಹಂತದಲ್ಲೂ ಯಾರ ಗುರಿಯೂ ಆಗಲಿಲ್ಲ.

ಎಸ್ಸೆಸ್ಸೆಲ್ಸಿಯ 625 ಅಂಕಗಳನ್ನೇ ನೋಡಿ. ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ. ವೃತ್ತಿಪರ ವಿಷಯವಾಗಿ ಮಾಹಿತಿ ತಂತ್ರಜ್ಞಾನ ಇರುವ ಕೆಲವು ಶಾಲೆಗಳನ್ನು ಬಿಟ್ಟರೆ ಉಳಿದ ಮಕ್ಕಳ ಕಂಪ್ಯೂಟರ್ ಕಲಿಕೆಗೆ ಇದರಲ್ಲಿ ಒಂದೇ ಒಂದು ಅಂಕವಿಲ್ಲ. ಅಂಕವಿಲ್ಲದ ವಿಷಯಕ್ಕೆ ನಮ್ಮ ಶಾಲೆಗಳಲ್ಲಿ ಏನಾಗುತ್ತದೆ ಎಂದು ಯಾವ ಮೇಷ್ಟ್ರನ್ನು ಕೇಳಿದರೂ ಹೇಳುತ್ತಾರೆ. ಟೈಮ್‌ಟೇಬಲ್‌ನಲ್ಲಿ ಪೀರಿಯಡ್ ಇರುತ್ತದೆ, ಡಿಸೆಂಬರ್ ಬಂದ ಕೂಡಲೇ ಅದನ್ನು ಗಣಿತದವರೋ ಇಂಗ್ಲಿಷಿನವರೋ ವಿಶೇಷ ತರಗತಿಗೆ ತೆಗೆದುಕೊಳ್ಳುತ್ತಾರೆ. ಜಿಲ್ಲೆಯ ಫಲಿತಾಂಶ ಎಷ್ಟನೇ ಸ್ಥಾನಕ್ಕೆ ಬಂತು ಎಂಬ ಒತ್ತಡ ತಲೆ ಮೇಲಿರುವ ಹೆಡ್‌ಮಾಸ್ಟರನ್ನು ಇದಕ್ಕಾಗಿ ದೂರಿ ಪ್ರಯೋಜನವಿಲ್ಲ. ಪರೀಕ್ಷೆ ಏನನ್ನು ಕೇಳುತ್ತದೋ ಶಾಲೆ ಅದನ್ನು ಕಲಿಸುತ್ತದೆ.

“ಮೊದಲು ಬಳಸಲು ಬರಲಿ, ವಿಜ್ಞಾನ ಆಮೇಲೆ” ಎನ್ನುವವರ ವಾದಕ್ಕೆ ಒಂದು ಕಾಲದಲ್ಲಿ ಅರ್ಥವಿತ್ತು. ಕಂಪ್ಯೂಟರನ್ನೇ ನೋಡದ ಮಗುವಿಗೆ ಅದನ್ನು ಮುಟ್ಟಲು ಕೊಡುವುದೇ ದೊಡ್ಡ ಗೌರವವಾಗಿತ್ತು. ಭಯ ಕಳೆಯಬೇಕಿತ್ತು. ಆ ಕಾಲ ಕಳೆದುಹೋಗಿದೆ. 2024ರ ಅಸರ್ ಶಿಕ್ಷಣ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಶೇ 76ರಷ್ಟು ಮಂದಿ ಸಮೀಕ್ಷೆಯ ಹಿಂದಿನ ವಾರ ಅದನ್ನು ಸಾಮಾಜಿಕ ಜಾಲತಾಣಕ್ಕೆ ಬಳಸಿದ್ದರು. ಓದಿಗಾಗಿ ಬಳಸಿದವರು ಶೇ 57. ಬಳಸುವುದನ್ನು ಶಾಲೆ ಕಲಿಸದೆಯೇ ಮಕ್ಕಳು ಕಲಿತಿದ್ದಾರೆ. ರೀಲ್ಸ್ ಒಂದಾದ ಮೇಲೊಂದು ತಾನೇ ಯಾಕೆ ಬರುತ್ತದೆ, ತನಗೆ ಇದನ್ನೇ ತೋರಿಸಬೇಕೆಂದು ಆರಿಸಿದವರು ಯಾರು, ಯಾವ ಲೆಕ್ಕದ ಮೇಲೆ ಆರಿಸಿದರು ಎಂಬುದು ಅವರಿಗೆ ಗೊತ್ತಿಲ್ಲ. ಅದನ್ನು ಹೇಳಿಕೊಡಬೇಕಾದ ಜಾಗ ಶಾಲೆ. ಆ ಶಾಲೆ ಇನ್ನೂ ಫೈಲ್ ಸೇವ್ ಮಾಡುವುದನ್ನು ಕಲಿಸುತ್ತಾ ಕೂತಿದೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಒತ್ತಲು ಕಲಿಸಿ ವಿದ್ಯುಚ್ಛಕ್ತಿಯ ಪಾಠ ಮುಗಿಯಿತು ಎಂದು ಯಾವ ವಿಜ್ಞಾನ ಶಿಕ್ಷಕರೂ ಹೇಳುವುದಿಲ್ಲ. ಕಂಪ್ಯೂಟರ್ ವಿಷಯದಲ್ಲಿ ಮಾತ್ರ ಅದನ್ನೇ ಶಿಕ್ಷಣ ಎಂದು ಕರೆದು ವರದಿ ಕಳಿಸುತ್ತೇವೆ.

ಬಳಕೆಯ ಕೌಶಲಕ್ಕೆ ಆಯಸ್ಸೂ ಕಡಿಮೆ. 2001ರಲ್ಲಿ ಮಕ್ಕಳು ಕಲಿತ ಫ್ಲಾಪಿ ಇಂದು ಎಲ್ಲೂ ಇಲ್ಲ, ಅಂದಿನ ವಿಂಡೋಸ್ ಇಲ್ಲ, ಅಂದಿನ ಮೆನುಗಳು ಇಲ್ಲ. ದೊಡ್ಡ ಪಟ್ಟಿಯಲ್ಲಿ ಒಂದು ಹೆಸರನ್ನು ಬೇಗ ಹುಡುಕುವುದು ಹೇಗೆ, ಒಂದು ಸಮಸ್ಯೆಯನ್ನು ತುಂಡು ತುಂಡಾಗಿ ಒಡೆಯುವುದು ಹೇಗೆ, ಸಾಗಣೆಯಲ್ಲಿ ಕೆಟ್ಟ ಮಾಹಿತಿಯನ್ನು ಪತ್ತೆ ಹಚ್ಚುವುದು ಹೇಗೆ ಎಂಬ ಪಾಠಗಳು ಅಂದು ಎಷ್ಟು ನಿಜವಾಗಿದ್ದವೋ ಇಂದೂ ಅಷ್ಟೇ ನಿಜ. ಬೇಗ ಹಳಸುವುದನ್ನು ಬಡ ಮಕ್ಕಳಿಗೆ, ಬಾಳುವುದನ್ನು ಉಳ್ಳವರ ಮಕ್ಕಳಿಗೆ ಹಂಚುವ ಪದ್ಧತಿಯನ್ನು ಸಮಾನ ಶಿಕ್ಷಣ ಎಂದು ಕರೆಯಲಾಗದು.

ಇದಕ್ಕೆ ಬಹುಮಂದಿ ಹೇಳುವ ಮೊದಲ ಆಕ್ಷೇಪ, “ಯಂತ್ರವೇ ಇಲ್ಲದ ಕಡೆ ಗಣಕ ವಿಜ್ಞಾನ ಹೇಗೆ ಕಲಿಸುತ್ತೀರಿ?” ಎಂಬುದು. ಗಣಕ ವಿಜ್ಞಾನವೆಂದರೆ ಯಂತ್ರವೇ ಎಂದು ತಿಳಿದದ್ದರಿಂದ ಹುಟ್ಟಿದ ಪ್ರಶ್ನೆ ಇದು. ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಸಂಗಡಿಗರು 1990ರ ದಶಕದಲ್ಲೇ ‘ಅನ್‌ಪ್ಲಗ್ಡ್’ ಎಂಬ ಹೆಸರಿನಲ್ಲಿ ಕಂಪ್ಯೂಟರ್ ಇಲ್ಲದೆ, ಕಾಗದ, ಕಾರ್ಡು, ಹಗ್ಗ, ಸೀಮೆಸುಣ್ಣದಲ್ಲಿ ಗಣಕ ವಿಜ್ಞಾನ ಕಲಿಸುವ ಪಾಠಗಳನ್ನು ಬರೆದರು. ನಾವು ನ್ಯೂಜಿಲೆಂಡಿಗೆ ಹೋಗುವ ಅಗತ್ಯವೂ ಇಲ್ಲ, ನಮ್ಮ ಕನ್ನಡ ತರಗತಿಯೊಳಗೆ ಹೋದರೆ ಸಾಕು.

ಎಸ್ಸೆಸ್ಸೆಲ್ಸಿ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಪದ್ಯದ ಸಾಲು ಕೊಟ್ಟು ‘ಪ್ರಸ್ತಾರ ಹಾಕಿ ಗಣ ವಿಂಗಡಿಸಿ’ ಎಂದು ಕೇಳುತ್ತಾರೆ. ಮಕ್ಕಳು ಲಘುವಿಗೊಂದು ಗುರುತು, ಗುರುವಿಗೊಂದು ಗುರುತು ಹಾಕುತ್ತಾರೆ. ಎರಡೇ ಗುರುತುಗಳಲ್ಲಿ ಎಲ್ಲವನ್ನೂ ಬರೆಯುವ ಪದ್ಧತಿ ಇದು. ಕಂಪ್ಯೂಟರಿನೊಳಗೆ ಸೊನ್ನೆ ಮತ್ತು ಒಂದು ಮಾಡುವ ಕೆಲಸವೂ ಇದೇ. ಮೂರಕ್ಷರದ ಗಣಗಳು ಎಂಟೇ ಯಾಕೆ ಎಂದು ಒಂಬತ್ತನೇ ತರಗತಿಯಲ್ಲಿ ಯಾರೂ ಕೇಳುವುದಿಲ್ಲ. ಒಂದೊಂದು ಜಾಗಕ್ಕೂ ಎರಡು ಆಯ್ಕೆ, ಮೂರು ಜಾಗ, ಎರಡನ್ನು ಮೂರು ಸಲ ಗುಣಿಸಿದರೆ ಎಂಟು. ನಾಲ್ಕು ಅಕ್ಷರವಾದರೆ ಹದಿನಾರು, ಎಂಟು ಅಕ್ಷರವಾದರೆ 256. ಬೈಟ್ ಎಂದರೆ ಏನೆಂದು ಮಗುವಿಗೆ ಇಲ್ಲೇ ಗೊತ್ತಾಗಿಹೋಗುತ್ತದೆ.

ಮುಂದಕ್ಕೆ ಹೋಗಿ. ಸುಮಾರು ಎರಡು ಸಾವಿರ ವರ್ಷ ಹಿಂದಿನ ಪಿಂಗಳನ ಛಂದಶ್ಶಾಸ್ತ್ರದಲ್ಲಿ ‘ನಷ್ಟ’ ಎಂಬ ಲೆಕ್ಕವಿದೆ, ಸುಮಾರು ಕ್ರಿ.ಶ. 990ರ ನಾಗವರ್ಮ ತನ್ನ ‘ಛಂದೋಂಬುಧಿ’ಯಲ್ಲಿ ‘ಪ್ರತ್ಯಯ’ ಎಂಬ ಇಂಥ ಲೆಕ್ಕಗಳನ್ನು ಕನ್ನಡದಲ್ಲೇ ವಿವರಿಸಿದ್ದಾನೆ. ಎಲ್ಲ ಲಘು-ಗುರು ಜೋಡಣೆಗಳನ್ನೂ ನಿಗದಿತ ಕ್ರಮದಲ್ಲಿ ಬರೆದ ಪಟ್ಟಿಯಲ್ಲಿ ಇಂಥ ಸಾಲು ಅಳಿಸಿಹೋಗಿದೆ, ಅದರಲ್ಲಿ ಏನಿತ್ತು ಎಂದು ಪಟ್ಟಿಯನ್ನು ಮತ್ತೆ ಬರೆಯದೆ ಕಂಡುಹಿಡಿಯುವುದು ಈ ಲೆಕ್ಕ. ನಿಯಮ ಚಿಕ್ಕದು. ಸಂಖ್ಯೆ ಸಮವಾದರೆ ಲಘು ಬರೆದು ಅರ್ಧ ಮಾಡು. ಬೆಸವಾದರೆ ಗುರು ಬರೆದು, ಒಂದು ಕೂಡಿಸಿ ಅರ್ಧ ಮಾಡು. ಮೂರಕ್ಷರದ ಪಟ್ಟಿಯ ಆರನೇ ಸಾಲು ಬೇಕು ಎನ್ನಿ. ಆರು ಸಮ, ಲಘು, ಅರ್ಧ ಮಾಡಿದರೆ ಮೂರು. ಮೂರು ಬೆಸ, ಗುರು, ಒಂದು ಕೂಡಿಸಿ ಅರ್ಧ ಮಾಡಿದರೆ ಎರಡು. ಎರಡು ಸಮ, ಲಘು. ಲಘು-ಗುರು-ಲಘು, ಅಂದರೆ ಜ ಗಣ. ಪೂರ್ತಿ ಪಟ್ಟಿ ಬರೆದು ನೋಡಿ, ಆರನೆಯದು ಜ ಗಣವೇ. ಒಂದೇ ಹೆಜ್ಜೆಯನ್ನು ಮತ್ತೆ ಮತ್ತೆ ನಡೆಸುವುದು, ಪ್ರತಿ ಹೆಜ್ಜೆಯಲ್ಲೂ ಷರತ್ತು ನೋಡಿ ದಾರಿ ಆರಿಸುವುದು, ಬೇಕಾದಷ್ಟು ಅಕ್ಷರ ಬಂದಾಗ ನಿಲ್ಲುವುದು: ಪ್ರೋಗ್ರಾಂ ಎಂಬುದರ ಜೀವಾಳ ಇಷ್ಟೇ. ಹಲಗೆ ಬಳಪದಲ್ಲಿ ಇದನ್ನು ಮಾಡಿದ ಮಗು ನಾಳೆ ಪೈಥಾನ್ ಮುಂದೆ ಕೂತರೆ ಹೆದರುವುದಿಲ್ಲ.

ಮಕ್ಕಳು ಬಾಯಿಪಾಠ ಮಾಡುವ ‘ಯಮಾತಾರಾಜಭಾನಸಲಗಂ’ ಕೂಡ ಸಾಮಾನ್ಯವಾದದ್ದಲ್ಲ. ಮೊದಲ ಎಂಟರಲ್ಲಿ ಯಾವ ಅಕ್ಷರದಿಂದ ಶುರು ಮಾಡಿ ಮೂರು ಅಕ್ಷರ ಓದಿದರೂ ಆ ಗಣದ ಸ್ವರೂಪ ಸಿಗುತ್ತದೆ. ಎಂಟು ಗಣಗಳೂ ಹತ್ತೇ ಅಕ್ಷರದಲ್ಲಿ ಒಂದರ ಮೇಲೊಂದು ಹೊದ್ದು ಕೂತಿವೆ. ಇಂಥ ಸರಣಿಗಳನ್ನು ಡಚ್ ಗಣಿತಜ್ಞ ಡಿ ಬ್ರೌನ್ 1946ರಲ್ಲಿ ಅಧ್ಯಯನ ಮಾಡಿದರು, ಈಗ ಅವರ ಹೆಸರಿನಿಂದಲೇ ಅವನ್ನು ಕರೆಯುತ್ತಾರೆ. ತುಂಡು ತುಂಡಾಗಿ ಓದಿದ ಡಿಎನ್‌ಎಯನ್ನು ಮತ್ತೆ ಜೋಡಿಸುವ ತಂತ್ರಾಂಶಗಳ ಹಿಂದೆ ಇದೇ ವಿಚಾರವಿದೆ. ನಮ್ಮ ಪೂರ್ವಿಕರು ಕಂಪ್ಯೂಟರ್ ಕಂಡುಹಿಡಿದಿದ್ದರು ಎಂದು ನಾನು ಹೇಳುತ್ತಿಲ್ಲ, ಅಂಥ ಪೊಳ್ಳು ಹೆಮ್ಮೆಯಿಂದ ಮಕ್ಕಳಿಗೆ ಕೇಡೇ ಹೊರತು ಒಳಿತಿಲ್ಲ. ಈ ವಿಷಯದ ಬೀಜ ನಮ್ಮ ಪಠ್ಯದಲ್ಲೇ ಬಿದ್ದಿದೆ, ಬಾಯಿಪಾಠ ಮಾಡಿಸಿ ಮೂರು ಅಂಕ ಕೊಟ್ಟು ಅದನ್ನು ಒಣಗಿಸುತ್ತಿದ್ದೇವೆ ಎಂಬುದೇ ನನ್ನ ದೂರು.

ಬಿಸ್ಕತ್ ಪೊಟ್ಟಣವೂ ಒಂದು ಪಾಠವೇ. ಅದರ ಬಾರ್‌ಕೋಡ್ ಕೆಳಗೆ 13 ಅಂಕಿಗಳಿರುತ್ತವೆ, ನಮ್ಮ ದೇಶದಲ್ಲಿ ನೋಂದಾಯಿಸಿದ್ದಾದರೆ 890ರಿಂದ ಶುರುವಾಗುತ್ತವೆ. ಎಡದಿಂದ ಒಂದನೇ, ಮೂರನೇ, ಐದನೇ ಹೀಗೆ ಬೆಸ ಸ್ಥಾನದ ಅಂಕಿಗಳನ್ನು ಕೂಡಿಸಿ. ಸಮ ಸ್ಥಾನದವನ್ನು ಕೂಡಿಸಿ ಮೂರರಿಂದ ಗುಣಿಸಿ. ಎರಡನ್ನೂ ಸೇರಿಸಿದರೆ ಬರುವುದು ಯಾವಾಗಲೂ ಸೊನ್ನೆಯಿಂದ ಕೊನೆಯಾಗುವ ಸಂಖ್ಯೆ. ಹಾಗಾಗುವಂತೆ ಕೊನೆಯ ಅಂಕಿಯನ್ನು ಆರಿಸಿರುತ್ತಾರೆ. ಒಂದು ಅಂಕಿಯನ್ನು ತಪ್ಪಾಗಿ ಹೊಡೆದರೆ ಲೆಕ್ಕ ಕೂಡುವುದಿಲ್ಲ, ಯಂತ್ರ ತಪ್ಪು ಹಿಡಿಯುತ್ತದೆ. ಪಕ್ಕದ ಎರಡು ಅಂಕಿ ಅದಲುಬದಲಾದರೆ? ಬಹಳಷ್ಟು ಸಲ ಹಿಡಿಯುತ್ತದೆ, ಆದರೆ ಎರಡು ಮತ್ತು ಏಳರಂತೆ ಐದರ ವ್ಯತ್ಯಾಸವಿದ್ದರೆ ಹಿಡಿಯುವುದಿಲ್ಲ. ಯಾಕೆ ಎಂದು ಮಕ್ಕಳೇ ಕಂಡುಹಿಡಿಯಲಿ. ಎಂಟನೇ ತರಗತಿಯ ಗುಣಾಕಾರ ಸಾಕು. ಆಧಾರ್ ಸಂಖ್ಯೆಯ ಕೊನೆಯ ಅಂಕಿಯೂ ಇಂಥದೇ ಕಾವಲುಗಾರ, ಅದರ ಲೆಕ್ಕ ಇನ್ನಷ್ಟು ಬಿಗಿ. ಈ ತರಗತಿಗೆ ಕರೆಂಟ್ ಬೇಡ, ಇಂಟರ್ನೆಟ್ ಬೇಡ, ದಾನಿಗಳು ಬೇಡ.

ಎರಡನೆಯ ಆಕ್ಷೇಪ, “ಹಳ್ಳಿ ಮಕ್ಕಳಿಗೆ ಇದೆಲ್ಲ ಯಾಕೆ? ಎಲ್ಲರೂ ಸಾಫ್ಟ್‌ವೇರ್ ಇಂಜಿನಿಯರ್ ಆಗುತ್ತಾರಾ?” ಎಂಬುದು. ಆಗುವುದಿಲ್ಲ. ಜೀವಶಾಸ್ತ್ರ ಓದಿದವರೆಲ್ಲ ಡಾಕ್ಟರಾಗುವುದಿಲ್ಲ, ಪೌರನೀತಿ ಓದಿದವರೆಲ್ಲ ಶಾಸಕರಾಗುವುದಿಲ್ಲ. ನಾವು ಬದುಕುವ ಲೋಕ ಹೇಗೆ ನಡೆಯುತ್ತದೆ ಎಂದು ತಿಳಿಯಲು ಅವನ್ನು ಕಲಿಸುತ್ತೇವೆ. ಇಂದು ನಮ್ಮ ಊರುಗಳನ್ನು ನಡೆಸುತ್ತಿರುವುದು ಕಂಪ್ಯೂಟರ್. ಪಹಣಿ 2001ರ ಹೊತ್ತಿಗೇ ‘ಭೂಮಿ’ಗೆ ಸೇರಿತು. ಪಡಿತರ, ಪಿಂಚಣಿ, ಬೆಳೆ ಪರಿಹಾರ, ಸ್ಕಾಲರ್‌ಶಿಪ್ ಎಲ್ಲವೂ ಪರದೆಯ ಹಿಂದೆ ತೀರ್ಮಾನವಾಗುತ್ತವೆ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಜಾಲರಿಗೆ ಸುರಿದ ಗೂಡಿಗೆ ಲಾಟ್ ನಂಬರ್ ಬೀಳುತ್ತದೆ, ರೀಲರುಗಳು ಮೊಬೈಲಿನಲ್ಲಿ ಬಿಡ್ ಒತ್ತುತ್ತಾರೆ, ಇ-ಹರಾಜಿನಲ್ಲಿ ದರ ನಿಲ್ಲುತ್ತದೆ. ವಾರಗಟ್ಟಲೆ ಹಿಪ್ಪುನೇರಳೆ ಸೊಪ್ಪು ಕೊಯ್ದ ಕುಟುಂಬದ ದುಡಿಮೆಗೆ ಬೆಲೆ ಕಟ್ಟುವ ಆ ಲೆಕ್ಕ ಹೇಗೆ ನಡೆಯುತ್ತದೆ ಎಂದು ಕೇಳುವಷ್ಟು ತಿಳಿವಳಿಕೆ ಆ ಕುಟುಂಬದ ಮಗುವಿಗೆ ಬೇಡವೇ?

2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾದಾಗ ಎಷ್ಟೋ ಹೆಣ್ಣುಮಕ್ಕಳು ತಿಂಗಳುಗಟ್ಟಲೆ ಗ್ರಾಮ ಒನ್‌ಗೂ ಬ್ಯಾಂಕಿಗೂ ಅಲೆದರು. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ನಮಗೆ ಲಕ್ಷ್ಮಮ್ಮ ಎಂದರೆ ಲಕ್ಷ್ಮಮ್ಮನೇ. ಇಂಗ್ಲಿಷ್ ಅಕ್ಷರದಲ್ಲಿ ಆ ಹೆಸರನ್ನು ಹಲವು ರೀತಿ ಬರೆಯಬಹುದು, ಇನಿಷಿಯಲ್ ಹಿಂದೆ ಹಾಕಬಹುದು, ಮುಂದೆ ಹಾಕಬಹುದು. ಯಂತ್ರ ಹೋಲಿಸುವುದು ಅಕ್ಷರ ಅಕ್ಷರವನ್ನು. ಒಂದು ಅಕ್ಷರ ಹೆಚ್ಚಾದರೂ ಅದಕ್ಕೆ ಅದು ಬೇರೆ ಹೆಂಗಸು. ಕೌಂಟರಿನಲ್ಲಿ ಸಿಕ್ಕ ಉತ್ತರ “ಸಿಸ್ಟಮ್ ತಗೋತಿಲ್ಲಮ್ಮ, ನಾಳೆ ಬನ್ನಿ.” ಎರಡು ಪದಗಳನ್ನು ಯಂತ್ರ ಹೇಗೆ ಹೋಲಿಸುತ್ತದೆ ಎಂಬ ಒಂದು ಪಾಠ ಕಲಿತ ಮಗಳು ಜೊತೆಗಿದ್ದಿದ್ದರೆ, ‘ಯಾವ ದಾಖಲೆಯಲ್ಲಿ ಯಾವ ಅಕ್ಷರ ಬೇರೆಯಾಗಿದೆ ತೋರಿಸಿ, ಅದನ್ನು ಎಲ್ಲಿ ತಿದ್ದಿಸಬೇಕು ಹೇಳಿ’ ಎಂದು ಕೇಳುತ್ತಿದ್ದಳು. ‘ಸಿಸ್ಟಮ್’ ಎಂಬುದು ದೇವರಲ್ಲ, ಮನುಷ್ಯರು ಬರೆದ ನಿಯಮಗಳ ಕಟ್ಟು, ಆ ನಿಯಮಗಳು ತಪ್ಪಿರಬಹುದು, ತಿದ್ದಬಹುದು ಎಂದು ತಿಳಿದವರು ಮಾತ್ರ ಹೀಗೆ ಕೇಳಬಲ್ಲರು. ಹಾಗಾಗಿ ಈ ವಿಷಯಕ್ಕೆ ಉದ್ಯೋಗಕ್ಕಿಂತ ಮೊದಲು ಪೌರತ್ವದ ಜೊತೆ ನಂಟಿದೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಜೀವನವಿಡೀ ಹೇಳಿದ್ದು ಪ್ರಶ್ನಿಸದೆ ಒಪ್ಪಬೇಡಿ ಎಂದು. ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ಅವರು ನ್ಯಾಷನಲ್ ಕಾಲೇಜು ಕಟ್ಟಿದ್ದು ಹಳ್ಳಿಯ ಮಗುವೂ ವಿಜ್ಞಾನ ಓದಲಿ ಎಂದು; ಹಳ್ಳಿಯವರಿಗೆ ಇಷ್ಟು ಸಾಕು ಎಂಬ ಮಾತನ್ನು ಅವರು ಯಾವತ್ತೂ ಒಪ್ಪಲಿಲ್ಲ. ಅದೇ ಗೌರಿಬಿದನೂರಿನಲ್ಲಿ 1965ರಿಂದ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪನ ಮಾಪಕಗಳ ಜಾಲವಿದೆ. ದೂರದ ದೇಶದಲ್ಲಿ ನೆಲದೊಳಗೆ ಆದದ್ದು ಭೂಕಂಪವೋ ಅಣು ಸ್ಫೋಟವೋ ಎಂದು ಅಲೆಗಳ ಲೆಕ್ಕದಿಂದ ಬೇರ್ಪಡಿಸುವುದು ಅಲ್ಲಿನ ಕೆಲಸ. ಹತ್ತಿರದಲ್ಲೇ ಸಾವಿರ ಆಂಟೆನಾಗಳನ್ನು ಟಿ ಆಕಾರದಲ್ಲಿ ಹರಡಿ ಆಕಾಶದ ರೇಡಿಯೊ ಅಲೆಗಳನ್ನು ಕೂಡಿಸಿ ನಕ್ಷೆ ಮಾಡಿದ ದೂರದರ್ಶಕ 1976ರಿಂದ ಇದೆ. ಗಣಕದ ಅತ್ಯುನ್ನತ ಉಪಯೋಗ ನಮ್ಮ ರಾಗಿ ಹೊಲಗಳ ಪಕ್ಕದಲ್ಲೇ ನಡೆದಿದೆ. ಆ ಬೇಲಿಯ ಈಚೆಗಿನ ಶಾಲೆಯಲ್ಲಿ ಅದರ ಒಂದು ಪಾಠವೂ ಇಲ್ಲ.

ಮೂರನೆಯ ಆಕ್ಷೇಪ ಇಂಗ್ಲಿಷಿನದು. “ಕೋಡಿಂಗ್ ಇಂಗ್ಲಿಷಿನಲ್ಲಿದೆ, ಕನ್ನಡ ಮಾಧ್ಯಮದ ಮಕ್ಕಳಿಗೆ ಆಗುವುದಿಲ್ಲ” ಎನ್ನುತ್ತಾರೆ. ಪೈಥಾನ್ ಭಾಷೆ ಕಾಯ್ದಿರಿಸಿಕೊಂಡ ಪದಗಳು 35. ಮನೆಯಲ್ಲಿ ತೆಲುಗು ಮಾತಾಡಿ, ಶಾಲೆಯಲ್ಲಿ ಕನ್ನಡ ಓದಿ, ಮೂರನೆಯದಾಗಿ ಹಿಂದಿ ಬರೆಯುವ ನಮ್ಮ ಗಡಿನಾಡಿನ ಮಗುವಿಗೆ 35 ಪದ ದೊಡ್ಡ ಬೆಟ್ಟವೇ? ಅದೇ ಪೈಥಾನ್‌ನಲ್ಲಿ ‘ಮೊತ್ತ’, ‘ಬೆಲೆ’, ‘ಗೂಡು’ ಎಂದು ಕನ್ನಡ ಲಿಪಿಯಲ್ಲೇ ಹೆಸರಿಟ್ಟರೂ ಪ್ರೋಗ್ರಾಂ ಓಡುತ್ತದೆ. ಯು.ಬಿ. ಪವನಜ ಅವರು ಮಕ್ಕಳಿಗಾಗಿ ಲೋಗೊ ಭಾಷೆಯನ್ನೇ ಕನ್ನಡಕ್ಕೆ ತಂದರು, ಪರದೆಯ ಮೇಲೆ ಗೆರೆ ಎಳೆಯುವ ಅದರ ಆಮೆಗೆ ಕನ್ನಡದಲ್ಲಿ ಆಜ್ಞೆ ಕೊಡಬಹುದಾಗಿತ್ತು. ಕೆ.ಪಿ. ರಾವ್ ಅವರು ಕೊಟ್ಟ ಕೀಲಿಮಣೆ ವಿನ್ಯಾಸದ ಮೇಲೆಯೇ ಇಂದು ನಮ್ಮಲ್ಲಿ ಹಲವರು ಕನ್ನಡ ಬೆರಳಚ್ಚು ಮಾಡುತ್ತಿದ್ದೇವೆ. ಕನ್ನಡಕ್ಕೆ ಶಕ್ತಿ ಇಲ್ಲದೆ ಇಲ್ಲ. ಆ ಶಕ್ತಿಯನ್ನು ಪಠ್ಯಪುಸ್ತಕಕ್ಕೆ ತರುವ ಮನಸ್ಸು ಇಲಾಖೆಗಿಲ್ಲ.

ಇದು ಸಾಧ್ಯವೇ ಎಂದು ಕೇಳುವವರು ಕಾಸರಗೋಡಿಗೆ ಹೋಗಿ ಬರಲಿ. ಉಡುಪಿಯ ಅದಮಾರಿನವರಾದ ಯು.ಆರ್. ರಾವ್ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನಂತೆ ಕೇರಳ 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಶುರು ಮಾಡಿತು. ದಾರಿ ತೋರಿಸಿದ್ದು ಕನ್ನಡಿಗ, ನಡೆದದ್ದು ಕೇರಳ. ಅವರು ಗುತ್ತಿಗೆದಾರರನ್ನು ಕರೆಯಲಿಲ್ಲ, ಗಣಿತ, ವಿಜ್ಞಾನ, ಭಾಷೆ ಕಲಿಸುವ ತಮ್ಮ ಶಿಕ್ಷಕರಿಗೇ ತರಬೇತಿ ಕೊಟ್ಟರು. ಸ್ವತಂತ್ರ ತಂತ್ರಾಂಶ ಆರಿಸಿಕೊಂಡರು. ವಿಷಯವನ್ನು ಹತ್ತನೇ ತರಗತಿಯ ಪರೀಕ್ಷೆಗೇ ಸೇರಿಸಿದರು. 2018ರಿಂದ ‘ಲಿಟ್ಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಸಂಘಗಳನ್ನೂ ನಡೆಸುತ್ತಿದ್ದಾರೆ. ಅವರ ಐಸಿಟಿ ಪಠ್ಯಪುಸ್ತಕಗಳು ಮಲಯಾಳಂ, ಇಂಗ್ಲಿಷ್, ತಮಿಳಿನ ಜೊತೆಗೆ ಕನ್ನಡದಲ್ಲೂ ಅಚ್ಚಾಗುತ್ತವೆ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕನ್ನಡ ಮಾಧ್ಯಮದ ಮಗು ಕನ್ನಡದ ಪುಸ್ತಕದಿಂದ ಪೈಥಾನ್ ಕಲಿಯುತ್ತದೆ. ಕನ್ನಡದ ಹೆಸರಿನಲ್ಲೇ ಕಟ್ಟಿದ ರಾಜ್ಯದ ಮಂಡಿಕಲ್‌ನ ಮಗುವಿಗೆ ಅಂಥ ಪುಸ್ತಕವಿಲ್ಲ. ಇದಕ್ಕಿಂತ ದೊಡ್ಡ ನಾಚಿಕೆ ಬೇಕೆ?

ನಾವು ಮಾಡುತ್ತಿರುವ ತಪ್ಪನ್ನು ಇಂಗ್ಲೆಂಡ್ ಕೂಡ ಮಾಡಿತ್ತು. ಅಲ್ಲಿನ ಶಾಲೆಗಳೂ ಐಸಿಟಿ ಹೆಸರಿನಲ್ಲಿ ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ಕಲಿಸುತ್ತಿದ್ದವು. 2012ರ ಜನವರಿಯಲ್ಲಿ ರಾಯಲ್ ಸೊಸೈಟಿ ಅದನ್ನು ಕಟುವಾಗಿ ವಿಮರ್ಶಿಸಿತು, ಸರ್ಕಾರ ಹಳೆಯ ಪಠ್ಯಕ್ರಮವನ್ನು ಕೈಬಿಡುವುದಾಗಿ ಹೇಳಿತು. 2014ರ ಸೆಪ್ಟೆಂಬರಿನಿಂದ ಐದು ವರ್ಷದ ಮಗುವಿನಿಂದ ಶುರು ಮಾಡಿ ಎಲ್ಲರಿಗೂ ಕಂಪ್ಯೂಟಿಂಗ್ ವಿಷಯವಾಗಿ ಬಂತು. ಅವರಿಗೂ ಶಿಕ್ಷಕರ ಕೊರತೆ ಕಾಡಿತು, ಇಂದಿಗೂ ಕಾಡುತ್ತಿದೆ. ಆದರೆ ಬಳಕೆಯ ತರಬೇತಿಯನ್ನು ವಿದ್ಯೆ ಎಂದು ಕರೆಯುವುದನ್ನು ಅವರು ನಿಲ್ಲಿಸಿದರು.

ಈಗ ಹೊಸದೊಂದು ಆಕ್ಷೇಪ ಬಂದಿದೆ: “ಎಐ ಬಂತಲ್ಲ, ಕೋಡ್ ಅದೇ ಬರೆಯುತ್ತದೆ, ಇನ್ನು ಮಕ್ಕಳು ಯಾಕೆ ಕಲಿಯಬೇಕು?” ಈ ಮಾತು ಹಳೆಯ ತಪ್ಪಿನದೇ ಮುಂದುವರಿಕೆ. ಎಐ ಬರೆದದ್ದು ಸರಿಯೋ ತಪ್ಪೋ ಎಂದು ನೋಡುವವರು ಯಾರು? ಅದು ನಿರರ್ಗಳವಾಗಿ ತಪ್ಪು ಹೇಳಬಲ್ಲದು. ಮುಂದಿನ ಪದ ಯಾವುದಿರಬಹುದು ಎಂದು ಓದಿದ ಪಠ್ಯದ ಆಧಾರದ ಮೇಲೆ ಸಂಭವನೀಯತೆ ಲೆಕ್ಕ ಹಾಕಿ ಅದು ವಾಕ್ಯ ಕಟ್ಟುತ್ತದೆ ಎಂದು ತಿಳಿಯದ ಮಗು ಅದರ ಮಾತನ್ನು ವೇದವಾಕ್ಯ ಎಂದು ನಂಬುತ್ತದೆ. 2026–27ರಿಂದ ಮೂರನೇ ತರಗತಿಯಿಂದಲೇ ಎಐ ಮತ್ತು ಗಣಕೀಯ ಚಿಂತನೆಯನ್ನು ತರುವುದಾಗಿ ಕೇಂದ್ರ ಶಿಕ್ಷಣ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಹೇಳಿದೆ. ಚಿಂತನೆ ಎಂಬ ಮಾತು ಅದರಲ್ಲಿರುವುದು ಸಂತೋಷ. ಆದರೆ ಹೊಸ ಆ್ಯಪ್, ಹೊಸ ಪರದೆ, ಹೊಸ ಗುತ್ತಿಗೆದಾರರೊಂದಿಗೆ ಅದು ಮಂಡಿಕಲ್‌ಗೆ ಬಂದರೆ ಮಾಹಿತಿ ಸಿಂಧುವಿನ ಕಥೆಯೇ ಮತ್ತೊಮ್ಮೆ ನಡೆಯುತ್ತದೆ.

ಕಂಪ್ಯೂಟರ್ ಬೇಡ ಎಂದು ಯಾರೂ ಅಪಾರ್ಥ ಮಾಡಿಕೊಳ್ಳಬಾರದು. ಪ್ರಯೋಗಾಲಯವಿಲ್ಲದೆ ರಸಾಯನಶಾಸ್ತ್ರ ಪೂರ್ಣವಾಗುವುದಿಲ್ಲ, ತಾನು ಬರೆದ ಪ್ರೋಗ್ರಾಂ ಓಡಿದ್ದನ್ನು ನೋಡದೆ ಈ ವಿಷಯವೂ ಪೂರ್ಣವಾಗುವುದಿಲ್ಲ. ಯಂತ್ರಗಳು ಬರಲಿ, ಬೀಗ ಹಾಕಿದ ಕೊಠಡಿಯಿಂದ ಹೊರಗೆ ಬರಲಿ. ಪಾಠ ಮುಂದೆ ಹೋಗಲಿ, ಯಂತ್ರ ಅದರ ಹಿಂದೆ ಬರಲಿ ಎಂದಷ್ಟೇ ನಾನು ಹೇಳುವುದು.

ಬೇಡಿಕೆಗಳು ಸ್ಪಷ್ಟ. ಎಂಟರಿಂದ ಹತ್ತನೇ ತರಗತಿಯವರೆಗೆ ವಾರಕ್ಕೆ ಎರಡು ಪೀರಿಯಡ್ ಗಣಕ ವಿಜ್ಞಾನಕ್ಕೆ ಮೀಸಲಿಡಿ, ಬೇರೆ ಯಾರೂ ಅದನ್ನು ಕಿತ್ತುಕೊಳ್ಳದಂತೆ ಅದಕ್ಕೆ ಅಂಕ ಕೊಡಿ. ಕಲಿಸುವ ಹೊಣೆ ಶಾಲೆಯ ಗಣಿತ, ವಿಜ್ಞಾನ ಶಿಕ್ಷಕರಿಗಿರಲಿ; ಅವರಿಗೆ ರಜೆಯಲ್ಲಿ ಕಾಟಾಚಾರಕ್ಕೆ ಮುಗಿಸುವ ಮೂರು ದಿನದ ಶಿಬಿರದ ಬದಲು ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆಯಾದ ಡಯಟ್ ಮೂಲಕ ವರ್ಷವಿಡೀ ನಡೆಯುವ ತರಬೇತಿ ಸಿಗಲಿ, ಜನಗಣತಿ, ಸಮೀಕ್ಷೆಗಳ ಕೆಲಸದಿಂದ ಆ ಮಟ್ಟಿಗೆ ಬಿಡುವು ಸಿಗಲಿ. ಪಠ್ಯಪುಸ್ತಕ ಕನ್ನಡದಲ್ಲೇ ಬರಲಿ. ಬರೆಸಲು ಸಮಯ ಬೇಕೆಂದರೆ ಕಾಸರಗೋಡಿನ ಮಕ್ಕಳು ಓದುತ್ತಿರುವ ಪುಸ್ತಕವನ್ನು ಮೊದಲ ವರ್ಷ ತರಿಸಿಕೊಳ್ಳಲಿ, ಕೇಳಿದರೆ ನೆರೆ ರಾಜ್ಯ ಇಲ್ಲ ಎನ್ನಲಾರದು. ಮುಂದಿನ ಬಾರಿ ದಾನಿಗಳು ಕಂಪ್ಯೂಟರ್ ಕೊಡಲು ಬಂದಾಗ ಎಸ್‌ಡಿಎಂಸಿಯ ತಾಯಂದಿರು ಎದ್ದು ನಿಂತು, ಎಷ್ಟು ಕಂಪ್ಯೂಟರ್ ಎಂದು ಕೇಳುವ ಮೊದಲು, ‘ಪಾಠ ಯಾರು ಮಾಡುತ್ತಾರೆ, ಏನು ಮಾಡುತ್ತಾರೆ, ವಾರಕ್ಕೆ ಎಷ್ಟು ದಿನ ಮಾಡುತ್ತಾರೆ’ ಎಂದು ಕೇಳಲಿ. ಆ ಮೂರು ಪ್ರಶ್ನೆಗೆ ಉತ್ತರ ಕೊಡಲಾಗದ ಯೋಜನೆಯನ್ನು ಒಪ್ಪಿಕೊಳ್ಳಬೇಕಾದ ಅಗತ್ಯ ಯಾವ ಊರಿಗೂ ಇಲ್ಲ.